ದುಡಿಮೆಬಳೆ ಆರಿಸಿದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ಇದರಲ್ಲಿ ಅರ್ಧ ಸುಳ್ಳು ಎಂದು ನಾನೇ ಒಪ್ಪುತ್ತೇನೆ; ಅದರ ಮುಚ್ಚಳ ತೆಗೆಯಲು ಕೂಡ ನನಗೆ ಬರುವುದಿಲ್ಲ. ಉಳಿದರ್ಧ ಮಾತ್ರ ನಿಜ. ಬೇಕಿದ್ದರೆ ದುಡಿಮೆಬಳೆಯನ್ನೇ ಕೇಳಿ.

ಈಗ ಕೊಪ್ಪೀಕರ್ ರಸ್ತೆಯ ಅಂಗಡಿಗಳಲ್ಲಿ ಯಾರೂ ಬರೀ ಕಣ್ಣಿನಿಂದ ನೋಡಿ ಲ್ಯಾಪ್‌ಟಾಪ್ ಕೊಳ್ಳುವುದಿಲ್ಲ. ಮೊದಲು ಕೈಗೆ ಒಂದು ಬಳೆ ಕೊಡುತ್ತಾರೆ; ಅದೇ ದುಡಿಮೆಬಳೆ. ಅದನ್ನು ತೊಟ್ಟು ಒಂದು ವಾರ ನಿಮ್ಮ ಪಾಡಿಗೆ ನೀವು ಕೆಲಸ ಮಾಡಿಕೊಂಡಿರಬೇಕು. ಕೈ ಎಷ್ಟು ಓಡಿತು, ಎಲ್ಲಿ ತಡವರಿಸಿತು, ಯಾವಾಗ ತಪ್ಪಿತು, ಯಾವಾಗ ತಿದ್ದಿತು ಎಂಬುದನ್ನೆಲ್ಲ ಬಳೆ ನಾಡಿ ಹಿಡಿದು ತಿಳಿದುಕೊಳ್ಳುತ್ತದೆ. ನಿಮ್ಮ ಹಳೆಯ ಲ್ಯಾಪ್‌ಟಾಪಿನ ಹತ್ತಿರವೂ ಗುಟ್ಟಾಗಿ ಚಾಡಿ ಕೇಳುತ್ತದೆ. ಆಮೇಲೆ ಅಂಗಡಿಯ ಸಾವಿರ ಲ್ಯಾಪ್‌ಟಾಪುಗಳ ನಡುವೆ, ಹೋಗಲಿ, ಅರವತ್ತು ಇರಬಹುದು, ನಿಮಗೆ ಒಪ್ಪುವುದರ ಎದುರು ನಿಂತಾಗ ಹಸಿರಾಗಿ ಮಿನುಗುತ್ತದೆ.

ನಮ್ಮ ಮನೆಗೆ ಆ ಬಳೆ ಬಂದದ್ದು ಮಂದಾಕಿನಿಯ ಕೆಲಸಕ್ಕಾಗಿ. ಅವಳು ನನ್ನ ತಮ್ಮನ ಮಗಳು. ನನ್ನ ಗಂಡ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಕಾಲು ಕಳೆದುಕೊಂಡವರಿಗೆ ಅವಳು ಕೃತಕ ಕಾಲು ಮಾಡುತ್ತಾಳೆ. ಮೊದಲು ಪ್ಲಾಸ್ಟರಿನಲ್ಲಿ ಅಳತೆ. ನಂತರ ಲ್ಯಾಪ್‌ಟಾಪಿನಲ್ಲಿ ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ನೋಡಬಹುದಾದ ಚಿತ್ರ. ಅದಕ್ಕೆ ಸುತ್ತುಚಿತ್ರ ಎನ್ನುತ್ತಾರೆ. ಕೊನೆಗೆ ಆ ಚಿತ್ರವನ್ನು ಅಚ್ಚುಯಂತ್ರಕ್ಕೆ ಕಳಿಸಿದರೆ ಕಾಲು ಸಿದ್ಧ.

ಸುತ್ತುಚಿತ್ರಕ್ಕೆ ಲ್ಯಾಪ್‌ಟಾಪ್ ಬಹಳ ದುಡಿಯಬೇಕು. ಅವಳ ಹಳೆಯದಂತೂ ಒಂದೊಂದು ಚಿತ್ರಕ್ಕೂ ವಿಮಾನ ಹೊರಟಂತೆ ಸದ್ದು ಮಾಡುತ್ತಿತ್ತು. ಅದರ ಬೆನ್ನ ಮೇಲೆ ನಾನು ರೊಟ್ಟಿ ಬೇಯಿಸುತ್ತಿದ್ದೆ ಎಂದರೆ ನೀವು ನಂಬಬೇಕಾಗಿಲ್ಲ. ಚಿತ್ರ ತಯಾರಾಗುವವರೆಗೆ ಮಂದಾ ಅಡುಗೆಮನೆಗೆ ಬಂದು, ರೊಟ್ಟಿ ಬಡಿಯುವ ನನ್ನೆದುರು ಕೂತು, ಆ ಕಾಲಿನ ಕಥೆಯನ್ನೆಲ್ಲ ಹೇಳುತ್ತಿದ್ದಳು.

ಹೊಸ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಮುಗಿಸುತ್ತದೆಯಂತೆ. ಹಾಗಾದರೆ ಅವಳು ಅಡುಗೆಮನೆಗೆ ಬರುವುದಾದರೂ ಯಾಕೆ? ಈ ಸಂಕಟವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಜನ ಕಾಲಿಗಾಗಿ ಕಾಯುತ್ತಿರುವಾಗ ಮುದುಕಿಯ ಹರಟೆಯನ್ನು ಯಾರು ಕೇಳಬೇಕು?

ಬಳೆ ಬಂದ ಮೊದಲ ದಿನವೇ ತೊಡಕಾಯಿತು. ಪ್ಲಾಸ್ಟರ್ ಕಲಸುವಾಗ ಮಂದಾ ಅದನ್ನು ಬಿಚ್ಚಿ ನನ್ನತ್ತ ಚಾಚಿದಳು.

"ಅತ್ತೀ, ಇದನ್ನ ಸ್ವಲ್ಪ ಹಿಡಕೋ."

"ನಾ ಬಳಿ ಹಿಡಕೊಂಡು ಕುಂತ್ರ ರೊಟ್ಟಿ ಯಾರು ಬಡೀತಾರ? ನಿಮ್ಮ ಮಾವ ಮ್ಯಾಲಿಂದ ಇಳದು ಬಂದು ಬಡೀತಾರೇನು?"

"ಹಂಗಾರ ಕೈಯಾಗ ಹಾಕ್ಕೋ."

ಗಂಡ ಹೋದ ದಿನ ಬರಿದಾಗಿದ್ದ ಕೈ ಅದು. ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡೆ. ಮಂದಾ ಪ್ಲಾಸ್ಟರ್ ಮೆತ್ತಿದ ಬೆರಳಿನಿಂದಲೇ ಬಳೆಯನ್ನು ಏರಿಸಿ, "ಛಲೋ ಕಾಣತೈತಿ" ಎಂದಳು. ಅಲ್ಲಿಂದ ವಾರವಿಡೀ ಅದು ಇಬ್ಬರ ಕೈಯಲ್ಲೂ ಓಡಾಡಿತು. ಕೇಳದಿದ್ದರೆ ನಾನು ಬಿಚ್ಚುತ್ತಿರಲಿಲ್ಲ.

ವಾರ ಮುಗಿದ ಮೇಲೆ ಅಂಗಡಿಗೆ ಹೋದೆವು. ಬಳೆಯನ್ನು ಕಂಡುಹಿಡಿದ ವಿಜ್ಞಾನಿ ಡಾಕ್ಟರ್ ಇರ್ಫಾನ್ ಮನಿಯಾರ ಅವರೇ ಅಲ್ಲಿದ್ದರು. ಮಂದಾ ಬಳೆ ತೊಟ್ಟು ನೇರವಾಗಿ ಎಲ್ಲಕ್ಕಿಂತ ವೇಗದ ಲ್ಯಾಪ್‌ಟಾಪಿನ ಎದುರು ನಿಂತಳು. ಬಳೆ ಮಿನುಗಲಿಲ್ಲ. ಹಗುರವಾದದ್ದು, ಭಾರವಾದದ್ದು, ದೊಡ್ಡ ಪರದೆಯದು, ಎಲ್ಲದರ ಎದುರೂ ಅದು ಮುನಿಸಿಕೊಂಡಂತೆ ಸುಮ್ಮನಿತ್ತು.

ಡಾಕ್ಟರರು ಬಳೆಯ ನೆನಪನ್ನು ಗೋಡೆಯ ಮೇಲೆ ಮೂಡಿಸಿ ನೋಡಿದರು.

"ಮಂದಾಕಿನಿಯವರ, ಚಿತ್ರ ತಗೀತೀರಿ, ತಗದು ಒಮ್ಮಿಗೇ ಧಪಧಪ ಬಡೀತೀರಿ. ಲ್ಯಾಪ್‌ಟಾಪಿನ ಮ್ಯಾಲ ಅಷ್ಟು ಸಿಟ್ಟೇನ್ರೀ?"

"ಅದು ಸಿಟ್ಟಲ್ರೀ ಡಾಕ್ಟರ," ಎಂದೆ ನಾನು, "ಜ್ವಾಳದ ರೊಟ್ಟಿ."

ಅವರು ಹಣೆ ಹಿಡಿದುಕೊಂಡರು. "ಇಬ್ಬರೂ ತೊಟ್ಟೀರೇನ್ರೀ? ಅಯ್ಯ, ನಿಮ್ಮಿಬ್ಬರನ್ನೂ ಕೂಡಿಸಿ ಒಬ್ಬಾಕಿ ಅಂತ ತಿಳಕೊಂಡೈತಿ ಇದು! ಎಲ್ಲಾ ಅಳಿಸಿ ಮತ್ತೊಂದು ವಾರ ತೊಡಬೇಕು."

"ಬ್ಯಾಡ್ರೀ," ಎಂದಳು ಮಂದಾ. "ಹೂವ ಮಾರೋ ಕಾಶವ್ವ ಕಾಲಿಗೆ ಕಾಯಾಕತ್ತಾಳ. ಇವತ್ತ ಒಯ್ಯಬೇಕು."

ಅಳಿಸಲು ಚಾಚಿದ್ದ ಡಾಕ್ಟರರ ಕೈ ನಡುವೆಯೇ ನಿಂತಿತು. "ತಡೀರಿ. ನಿಮ್ಮ ತಪ್ಪು ತಿದ್ದಿದ್ದೆಲ್ಲಾ ಈ ರೊಟ್ಟಿ ಬೆನ್ನಿಗೇ ಐತಿ. ಇಲ್ಲಿ ನೋಡ್ರಿ, ಇದೇನು?"

ಮಂದಾ ಗೋಡೆಯನ್ನು ದಿಟ್ಟಿಸಿದಳು. "ಅದು ಕಾಶವ್ವನ ಕಾಲು. ಅತ್ತಿ ಚ್ಯಾಷ್ಟಿ ಮಾಡಿದ್ಲು, ಹಿಮ್ಮಡ ಇಷ್ಟ ಮ್ಯಾಲ ಐತಿ, ಕಾಶವ್ವ ಕುಣಿಯಾಕ ಹೊಂಟಾಳೇನು ಅಂತ. ಅಲ್ಲ ಅತ್ತೀ, ಅದು ಬೂಟಿನ ಅಳತಿ ಅಂತ ಹೇಳಾಕ ಹ್ವಾದೆ. ಹೇಳಕೋತ ಹೇಳಕೋತ ನನಗ ಹೊಳೀತು, ಕಾಶವ್ವ ಅಡ್ಡಾಡೋದು ಬರಿಗಾಲಾಗ. ಆ ಕಾಲು ಕೊಟ್ಟಿದ್ರ ಎದ್ದು ನಿಂತ ಕೂಡ್ಲೇ ಬೀಳ್ತಿದ್ಲು."

ವೇಗದ್ದನ್ನು ಕೊಂಡರೆ ಹೆಚ್ಚು ಜನಕ್ಕೆ ಕಾಲು ಸಿಗುತ್ತದೆ. ಆದರೆ ತಪ್ಪು ಕಾಲೂ ಅಷ್ಟೇ ವೇಗವಾಗಿ ಹೊರಡುತ್ತದೆ. ಇದನ್ನು ಬಳೆ ಮಾಡಿದ ಡಾಕ್ಟರರೇ ಯೋಚಿಸಿರಲಿಲ್ಲ.

"ಲ್ಯಾಪ್‌ಟಾಪು ಓಡಿದ್ರ ಓಡಲಿ ಬಿಡ," ಎಂದೆ ಮಂದಾಳಿಗೆ. "ನೀ ಯಾಕ ಅದರ ಬೆನ್ನ ಹತ್ತಿ ಓಡ್ತೀ?"

ಡಾಕ್ಟರರಿಗೆ ಏನು ತೋಚಿತೋ, ಬಳೆಯನ್ನು ಮಂದಾಳ ಕೈಯಿಂದ ಬಿಚ್ಚಿಸಿ ನನಗೆ ತೊಡಿಸಿದರು. ಮಂದಾಳನ್ನು ಆ ವೇಗದ ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು. ಅವಳ ಬೆರಳು ಅಲ್ಲಿ, ಬಳೆ ನನ್ನ ಕೈಯಲ್ಲಿ. ಅದು ಎಂಥ ಹಸಿರಾಗಿ ಮಿನುಗಿತೆಂದರೆ ಧಾರವಾಡದವರಿಗೂ ಕಂಡಿರಬೇಕು.

"ಇಷ್ಟೊತ್ತನಕ ಅದರ ಮುಂದ ಅರ್ಧಾ ಕೆಲಸಗಾರ್ತಿ ಅಷ್ಟ ನಿಂತಿದ್ಲು," ಎಂದು ಡಾಕ್ಟರರು ನಕ್ಕರು.

ಅದನ್ನೇ ಮನೆಗೆ ತಂದೆವು; ಬಳೆ ನನ್ನ ಕೈಯಲ್ಲೇ ಉಳಿಯಿತು. ಲ್ಯಾಪ್‌ಟಾಪ್ ಆ ಬಳೆಗೆ ಎಂಥ ವಿಧೇಯವೆಂದರೆ, ಸುತ್ತುಚಿತ್ರವನ್ನು ಕ್ಷಣದಲ್ಲಿ ಮುಗಿಸಿದರೂ, ಧಪಧಪ ಕೇಳುವವರೆಗೆ ಅಚ್ಚುಯಂತ್ರಕ್ಕೆ ಕಳಿಸುವುದಿಲ್ಲ. ಮಂದಾ ಬಂದು ನನ್ನೆದುರು ಕೂರಲೇಬೇಕು. ಕಾಶವ್ವ ಈಗ ಬರಿಗಾಲಲ್ಲಿ ಮಾರುಕಟ್ಟೆಯನ್ನೆಲ್ಲ ಸುತ್ತಿ ಹೂವು ಮಾರುತ್ತಾಳೆ.

ಮೊನ್ನೆ ಡಾಕ್ಟರ್ ಮನಿಯಾರ ಮನೆಗೇ ಬಂದಿದ್ದರು. "ಹಳೇ ಬಳಿ ವಾಪಸ್ ಕೊಡ್ರಿ. ಇದು ಹೊಸಾದು, ಒಬ್ಬರನ್ನ ಒಬ್ಬರಂತನೇ ಗುರುತು ಹಿಡೀತೈತಿ," ಎಂದು ಇನ್ನೊಂದನ್ನು ಮುಂದಿಟ್ಟರು. ನಾನು ಬಿಚ್ಚಲು ಕೈ ಹಾಕಿದೆ. ಮಂದಾ ನನ್ನ ಕೈ ಹಿಡಿದು, ಡಾಕ್ಟರರ ಕಡೆ ತಿರುಗಿ, ಅಂದು ಅಂಗಡಿಯಲ್ಲಿ ನಮ್ಮಿಬ್ಬರ ಬಗ್ಗೆ ಅವರೇ ಆಡಿದ್ದ ಒಂದು ಮಾತನ್ನು ಅವರಿಗೇ ಹೇಳಿದಳು. ಅವರು ಚಹಾ ಕುಡಿದು, ತಂದದ್ದನ್ನು ಜೇಬಿಗಿಟ್ಟುಕೊಂಡು ಹೋದರು.

ಆ ಮಾತು ಏನಿರಬಹುದು, ನೀವೇ ಹೇಳಿ ನೋಡೋಣ. ನಾನು ಇಲ್ಲಿ ರೊಟ್ಟಿ ಬಡಿಯುತ್ತಲೇ ಇದ್ದೇನೆ; ಧಪಧಪದ ಜೊತೆಗೆ ನನ್ನ ಕೈಬಳೆಯ ಸದ್ದೂ ಕೇಳಿಸುತ್ತಿಲ್ಲವೇ?