ಹಿಂದಿನ ಸೀಟಿನಡಿಯ ಪಂಪು

ಹಿಂದಿನ ಸೀಟು ಎತ್ತಿದ ಕೂಡಲೇ ವರ್ಕ್‌ಶಾಪಿನಲ್ಲಿ ಎಲ್ಲರೂ ಬಗ್ಗಿ ನೋಡಿದರು. ನುಜ್ಜುಗುಜ್ಜಾದ ಬಿಳಿ ಕಾರಿನ ಟ್ಯಾಂಕಿನ ಮೇಲೆ ಹಳೆಯ ಇಂಧನ ಪಂಪು ಹಾಗೇ ಕೂತಿತ್ತು. ದಾಖಲೆಯ ಪ್ರಕಾರ ಅದನ್ನು ಐದು ತಿಂಗಳ ಹಿಂದೆಯೇ ಬದಲಾಯಿಸಿ ಆಗಿತ್ತು!

"ನೋಡಿದ್ರಲ್ಲ ಮೇಡಂ?" ಮ್ಯಾನೇಜರು ಮೆಕ್ಯಾನಿಕ್ಕಿನತ್ತ ಕೈ ತೋರಿಸಿ ಗೆದ್ದವರಂತೆ ತಿರುಗಿದರು. "ಹೊಸ ಪಂಪು ಮಾರ್ಕೊಂಡು ಹಳೇದನ್ನೇ ಬಿಟ್ಟಿದ್ದಾನೆ. ಸಾಯಂಕಾಲದೊಳಗೆ ಇವನನ್ನ ಮನೆಗೆ ಕಳಿಸ್ತೀನಿ."

ಮೆಕ್ಯಾನಿಕ್ಕು ತಲೆ ತಗ್ಗಿಸಲಿಲ್ಲ. ಹದಿನೆಂಟು ವರ್ಷದ ಕೆಲಸ, ಒಂದು ಮಾತಿನಲ್ಲಿ ಮುಗಿಯುವ ಹಾಗಿತ್ತು.

ಮೇಡಂ ಎಂದರೆ ವಿಮೆ ಕಂಪನಿಯ ತನಿಖಾಧಿಕಾರಿ. ಬೆನ್ನ ಹಿಂದೆ ಎಲ್ಲರೂ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತು, ಒಳಗೊಳಗೇ ಇಷ್ಟ ಕೂಡ. ಸಂಜೆಯೊಳಗೆ ಗಂಟು ಬಿಚ್ಚುತ್ತದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಎರಡು ದಿನದ ಹಿಂದೆ ಈ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತ್ತು. ಹಿಂದಿನಿಂದ ಲಾರಿ ಗುದ್ದಿತ್ತು. ಓಡಿಸುತ್ತಿದ್ದ ಮಾಲೀಕರ ಹೆಂಡತಿ ಕಾಲು ಮುರಿದು ಆಸ್ಪತ್ರೆಯಲ್ಲಿದ್ದರು.

ದೋಷ ಸರಿಪಡಿಸಿಕೊಡುತ್ತೇವೆ, ಗಾಡಿ ತನ್ನಿ ಎಂದು ಈ ಮಾದರಿಯ ಕಾರಿಗೆ ತಯಾರಕರಿಂದ ಕರೆ ಬರುವುದು ಹೊಸದೇನಲ್ಲ. ಮೊದಲ ವರ್ಷ ತಯಾರಾದ ಕಾರುಗಳನ್ನು ಸೀಟ್‌ಬೆಲ್ಟಿನ ದೋಷಕ್ಕೆ ವಾಪಸು ಕರೆಸಿದ್ದರು. ಎರಡನೇ ಮತ್ತು ಮೂರನೇ ವರ್ಷದವನ್ನು, ಓಡುತ್ತಿದ್ದಂತೆ ಕೈಕೊಡುವ ಪಂಪನ್ನು ಪುಕ್ಕಟೆ ಬದಲಾಯಿಸಲು. ನಾಲ್ಕನೇ ವರ್ಷದವಕ್ಕೆ ಕರೆಯೇ ಇಲ್ಲ. ಎದುರಿಗಿದ್ದದ್ದು ಮೂರನೇ ವರ್ಷದ್ದು.

"ನೀವು ಪಂಪು ಬದಲಾಯಿಸಿದ್ರಾ?"

"ಈ ಕೈಯಿಂದಲೇ ಮೇಡಂ," ಎಂದ ಮೆಕ್ಯಾನಿಕ್ಕು.

"ಇದೇ ಗಾಡಿಗೆ?"

"ಬಿಳಿ ಗಾಡಿ, ಇದೇ ನಂಬರ್ ಪ್ಲೇಟು."

ಮೇಡಂ ಸೀಟಿನಡಿಗೆ ಬಗ್ಗಿದರು. ಪಂಪಿನ ಮೇಲಿನ ಅಂಟುಪಟ್ಟಿ ಕಾರ್ಖಾನೆಯಲ್ಲಿ ಅಂಟಿಸಿದ್ದು, ಅಂಚೂ ಎದ್ದಿರಲಿಲ್ಲ. ಅವರ ಹುಬ್ಬು ಮೇಲೇರಿತು.

ಪಕ್ಕದಲ್ಲಿ ಮಾಲೀಕರೂ ಅವರ ತಮ್ಮನೂ ನಿಂತಿದ್ದರು; ಇಬ್ಬರೂ ಬಂದಿಳಿದ ಕಾರು ಹೊರಗಿತ್ತು. ತಮ್ಮ ಕೇಳುವ ಮುಂಚೆಯೇ ಬಾಯಿ ಹಾಕಿದ: "ಅಣ್ಣ ಊರಲ್ಲಿರಲಿಲ್ಲ ಮೇಡಂ. ಗಾಡಿ ಕಾಗದ ನನ್ನ ಕೈಗೆ ಕೊಟ್ಟಿದ್ದ. ಗಾಡಿ ತಂದುಬಿಟ್ಟಿದ್ದು ನಾನೇ. ಮಾಡಿದ್ದು ಮಾತ್ರ ಇವನೇ!"

"ಅವಸರ ಬೇಡ. ನಿಮಗೂ ಬರ್ತೀನಿ." ಮೇಡಂ ಮಾಲೀಕರ ಕಡೆ ತಿರುಗಿದರು. "ಮನೇಲಿ ಯಾರ್ಯಾರಿದ್ದೀರಿ?"

"ನಾನು, ನನ್ನ ಹೆಂಡತಿ. ಇಬ್ಬರೇ."

"ಜಾಬ್ ಕಾರ್ಡ್ ಕೊಡಿ."

ಪಂಪು ಬದಲಾಯಿಸಿದ ದಿನದ ಕೆಲಸ ಬರೆದಿಟ್ಟ ಆ ಹಾಳೆಯನ್ನು ಮ್ಯಾನೇಜರು ಕೊಟ್ಟರು. ಮುಂಬದಿಯಲ್ಲಿ ಗಾಡಿಯ, ಚಾಸಿಯ, ಹೊಸ ಪಂಪಿನ ನಂಬರುಗಳು, ತಾರೀಖು, ಸಹಿ — ಎಲ್ಲವೂ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಎಲ್ಲರೂ ಓದಿದ್ದು ಅಷ್ಟೇ. ಮೇಡಂ ಹಾಳೆ ತಿರುಗಿಸಿದರು. ನಗು ಬಂತು, ತಡೆದುಕೊಂಡರು.

"ಹಿಂದೆ ಇದೇನು ಬರೆದಿದ್ದೀರಿ?"

"ನಮ್ಮಲ್ಲಿ ಪದ್ಧತಿ ಮೇಡಂ," ಎಂದ ಮೆಕ್ಯಾನಿಕ್ಕು. "ಸೀಟು ಎತ್ತಿದಾಗ ಏನೇ ಸಿಗಲಿ, ಕವರಿಗೆ ಹಾಕಿ, ಪಟ್ಟಿ ಬರೆದು, ತಂದವರ ಸಹಿ ತಗೋತೀವಿ. ಆಮೇಲೆ ಕಳ್ಳತನದ ಮಾತು ಬರಬಾರದಲ್ಲ."

ಮೇಡಂ ಗಟ್ಟಿಯಾಗಿ ಓದಿದರು: "ಬಣ್ಣದ ಕಡ್ಡಿ ಮೂರು. ಹಾಲಿನ ಬಾಟಲಿ ಮುಚ್ಚಳ ಒಂದು. ಮಗುವಿನ ಕಾಲುಚೀಲ ಒಂದು. ಕೆಳಗೆ ಮಾಲೀಕರ ತಮ್ಮನ ಸಹಿ."

ತಮ್ಮನ ಮುಖ ಬಿಳುಚಿತು.

"ತಮ್ಮನ ಮಗು ಅಣ್ಣನ ಗಾಡೀಲಿ ಕೂತಿರಬಹುದಲ್ಲ?" ಮ್ಯಾನೇಜರು ಪಟ್ಟು ಬಿಡಲಿಲ್ಲ.

"ಕೂತಿರಬಹುದು. ಆದ್ರೆ ಈ ಅಂಟುಪಟ್ಟಿ ಕಿತ್ತೇ ಇಲ್ಲ. ಪಂಪು ಬದಲಾಯಿಸೋದಿರಲಿ, ಇಲ್ಲಿ ಯಾರೂ ಕೈಯೇ ಹಾಕಿಲ್ಲ. ಅಂದ್ರೆ ಇವರು ಬಿಚ್ಚಿದ್ದು ಬೇರೆ ಗಾಡಿ. ಹೊರಗೆ ನಿಂತಿದೆಯಲ್ಲ ಇದೇ ಮಾದರಿಯ ಇನ್ನೊಂದು ಬಿಳಿ ಗಾಡಿ, ಯಾರದು?"

"ನನ್ನ ತಮ್ಮಂದು. ನಾಲ್ಕನೇ ವರ್ಷದ್ದು," ಎಂದರು ಮಾಲೀಕರು ಮೆಲ್ಲಗೆ.

"ಒಳಗೆ ತನ್ನಿ. ಸೀಟು ಎತ್ತಿ."

ಮೆಕ್ಯಾನಿಕ್ಕು ಎತ್ತಿದ. ಹೊಸ ಪಂಪು! ಅದರ ನಂಬರೂ ಜಾಬ್ ಕಾರ್ಡಿನಲ್ಲಿದ್ದ ಪಂಪಿನ ನಂಬರೂ ಒಂದೇ.

"ಇದೇ ಮನುಷ್ಯ ಪ್ಲೇಟು ಅದಲುಬದಲು ಮಾಡಿದ್ದು," ಎಂದು ಮೇಡಂ ತಮ್ಮನತ್ತ ಬೆರಳು ತೋರಿದರು. "ಅಣ್ಣನ ಕಾಗದ ತೋರಿಸಿ, ತನ್ನ ಗಾಡಿಗೆ ಪಂಪು ಹಾಕಿಸಿಕೊಂಡ್ರು. ಮನೆಗೆ ಹೋಗಿ ಪ್ಲೇಟು ವಾಪಸು ಹಾಕಿದ್ರು. ಮ್ಯಾನೇಜರೇ, ಗಾಡಿ ಮೈಮೇಲೇ ಕೊರೆದಿರೋ ಚಾಸಿ ನಂಬರನ್ನ ಗಾಡಿ ನೋಡಿ ಬರೆದಿದ್ರೆ ಅಲ್ಲೇ ಸಿಕ್ಕಿಬೀಳ್ತಿದ್ರು. ಕಾಗದ ನೋಡಿ ನಕಲು ಮಾಡಿದ್ದಾರೆ. ಯಾರ ಅಕ್ಷರ ಇದು?"

"...ನಂದೇ ಮೇಡಂ. ಆವತ್ತು ನಲವತ್ತು ಗಾಡಿ ಸಾಲುಗಟ್ಟಿತ್ತು."

"ಹಾಗಾದ್ರೆ ಮನೆಗೆ ಕಳಿಸೋ ಮಾತು ಸಾಕು. ಮೊದಲು ಇವರ ಹತ್ರ ಕ್ಷಮೆ ಕೇಳಿ."

ಮ್ಯಾನೇಜರು ಕೇಳಿದರು, ಎಲ್ಲರೆದುರು, ತಡವರಿಸುತ್ತ. ಮೆಕ್ಯಾನಿಕ್ಕಿನ ಕಣ್ಣು ತುಂಬಿತು.

"ನನ್ನ ಗಾಡಿ ಎರಡು ಸಲ ನಿಂತಿತ್ತು ಅಣ್ಣಾ," ತಮ್ಮ ಬಡಬಡಿಸಿದ. "ಪಾಪು ಹಿಂದೆ ಕೂತಿತ್ತು. ಕೇಳಿದ್ರೆ, ನಾಲ್ಕನೇ ವರ್ಷದ ಗಾಡಿಗೆ ಕರೆ ಇಲ್ಲ ಅಂದ್ರು. ನಿಂದು ಚೆನ್ನಾಗೇ ಓಡ್ತಿತ್ತು..."

ಮೇಡಂ ವರದಿಯಲ್ಲಿ ಒಂದು ಸಾಲು ಸೇರಿಸಿದರು: ನಾಲ್ಕನೇ ವರ್ಷದ ಕಾರೂ ನಡುದಾರಿಯಲ್ಲಿ ನಿಂತಿದೆ; ಆ ವರ್ಷದವನ್ನೂ ವಾಪಸು ಕರೆಸಬೇಕು.

ಅಣ್ಣ ತಮ್ಮನ ಭುಜ ಹಿಡಿದರು. ಬೈಯಲಿಲ್ಲ.

"ಒಂದು ಮಾತು ಕೇಳಿದ್ದಿದ್ರೆ ನಾನೇ ಹೊಸದು ಕೊಡಿಸ್ತಿದ್ನಲ್ಲೋ," ಎಂದರು. "ಈಗ ಆಸ್ಪತ್ರೆಗೆ ನಡಿ. ಇದನ್ನ ನಿನ್ನ ಅತ್ತಿಗೆಗೆ ನಾನು ಹೇಳಲ್ಲ, ನೀನೇ ಹೇಳ್ಬೇಕು."