ಕೂಗಿದ ಎಳೆ

"ಏಳಬ್ಯಾಡ! ಹಾಸು ಕೂಡಸಾಕ ಕುಂತಾಕಿ ಅರ್ಧಕ್ಕ ಏಳೂ ಪದ್ಧತಿ ನಮ್ಮ ಮನಿಯಾಗ ಇಲ್ಲ!"

ಅಜ್ಜಿ ವೀರವ್ವನ ಗದರಿಕೆಗೆ, ಎದ್ದು ನಿಂತಿದ್ದ ವಿಜಯಲಕ್ಷ್ಮಿ ಮತ್ತೆ ಮಗ್ಗದ ಮುಂದೆ ಕುಸಿದು ಕುಳಿತಳು. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಐದರೊಳಗೆ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡದಿದ್ದರೆ ಧಾರವಾಡದ ಕಾಲೇಜಿನ ಡೇಟಾ ಸೈನ್ಸ್ ಸೀಟು ಬೇರೆ ಯಾರದೋ ಪಾಲು! ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ನಾಗರತ್ನಾಳಿಗೆ ಅತ್ತೆಯ ಹುನ್ನಾರ ಅರ್ಥವಾಗದೇ ಇರಲಿಲ್ಲ. ಮಗ್ಗದ ಹಳೆಯ ಹಾಸು, ಅಂದರೆ ಉದ್ದೆಳೆಗಳ ಸಾಲು, ನಿನ್ನೆ ಮುಗಿದಿತ್ತು. ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವ ಕೆಲಸ ನಾಳೆ ಶುರುವಾಗಿದ್ದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮುದುಕಿ ಬೇಕಂತಲೇ ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಅದಕ್ಕೆ ಕೂರಿಸಿದ್ದಳು.

ಮಗ್ಗದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಸೀರೆಯ ಚೌಕುಳಿ ನಕ್ಷೆ ಬರೆಯುವ ಗ್ರಾಫ್ ಹಾಳೆಯ ಹಿಂಬದಿಯಲ್ಲಿ ವಿಜಯಲಕ್ಷ್ಮಿ ತನ್ನ ಮುಂದಿನ ಮೂರು ವರ್ಷಗಳನ್ನು ಬರೆದಿಟ್ಟಿದ್ದಳು. ಮೇಲೆ ಬಿಸಿಎ ಎಂದು ಬರೆದು ಹೊಡೆದುಹಾಕಿದ್ದಳು. ಅದರ ಕೆಳಗೆ ಬಿಎಸ್ಸಿ ಡೇಟಾ ಸೈನ್ಸ್, ಆರು ಸೆಮಿಸ್ಟರಿಗೆ ಆರು ಮನೆಗಳು. ಮೊದಲನೆಯದರಲ್ಲಿ ಸಂಖ್ಯಾಶಾಸ್ತ್ರ, ಎರಡನೆಯದರಲ್ಲಿ ಪೈಥಾನ್, ಹೀಗೇ. ಕೊನೆಯ ಮನೆಯಲ್ಲಿ ಮಾತ್ರ "ನಮ್ಮ ಸೀರಿ, ಯಾವ ಬಣ್ಣ ಯಾವ ಊರಿಗೆ?" ಎಂದು ಬರೆದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ನಾಗರತ್ನಾ ದಿನಾ ಕಸ ಗುಡಿಸುವಾಗ ಆ ಹಾಳೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಪೈಥಾನ್ ಎಂದರೆ ಏನೆಂದು ಅವಳಿಗೆ ತಿಳಿಯದು. ಮಗಳ ಅಕ್ಷರ ಮುದ್ದಾಗಿದೆ ಎಂಬುದಷ್ಟೇ ತಿಳಿಯುತ್ತಿತ್ತು.

ವೀರವ್ವನಿಗೆ ಆ ಹಾಳೆ ಕಂಡರೆ ಮೈಯೆಲ್ಲ ಉರಿ.

"ಡಾಟಾ ಅಂದ್ರ ಫೋನಿನಾಗ ಸಂಜಿಮುಂದ ಖಾಲಿ ಆಗತೈತಲ್ಲ, ಅದ ಹೌದಲ್ಲೋ? ರೀಚಾರ್ಜ್ ಮಾಡಸಿದ್ರ ಬರತೈತಿ. ಅದಕ್ಕ ಮೂರ ವರ್ಷ ಕಾಲೇಜ್ ಯಾಕ?"

"ಅದಲ್ಲಜ್ಜಿ... ಹಿಂದ ಆಗಿದ್ದನ್ನೆಲ್ಲ ಕೂಡಿಹಾಕಿ ನೋಡಿ, ಮುಂದ ಏನಾಗತೈತಿ ಅಂತ ಹೇಳೂ ವಿದ್ಯಾ. ಈ ಹಾಸಿನಾಗ ಎಳಿ ಎಲ್ಲಿ ಹರೀತೈತಿ ಅಂತ ನೀ ಮೊದ್ಲ ಹೇಳ್ತಿಯಲ್ಲ, ಹಂಗ."

"ಹಂಗಾರ ನನ್ನ ಕಡೇನ ಕಲಿ. ಧಾರವಾಡ ಯಾಕ?"

ವಿಜಯಲಕ್ಷ್ಮಿಯ ಬೂದಿ ಬೆರಳುಗಳು ಮತ್ತೆ ಎಳೆ ಹೊಸೆಯತೊಡಗಿದವು. ಕಣ್ಣೀರು ಮಾತ್ರ ತನ್ನ ಪಾಡಿಗೆ ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಇಷ್ಟಕ್ಕೂ ಈ ಸಂಕಟಕ್ಕೆಲ್ಲ ಮೂಲ ನಾಗರತ್ನಾಳ ಗಂಡ ನಿಜಲಿಂಗಪ್ಪ. ಅರ್ಜಿ ತುಂಬುವಾಗ ತನ್ನ ಫೋನು ಆಗಾಗ ಬಂದ್ ಬೀಳುತ್ತದೆ ಎಂದು ಆ ಪುಣ್ಯಾತ್ಮ ತನ್ನವ್ವನ ನಂಬರು ಕೊಟ್ಟಿದ್ದ! ಈಗ ಕಾಲೇಜಿನ ಓಟಿಪಿ ಬರುವುದು ವೀರವ್ವನ ಗುಂಡಿ ಫೋನಿಗೆ. ಆ ಫೋನು ಇರುವುದು ಅವಳ ಸೊಂಟದ ಎಲೆಅಡಿಕೆ ಸಂಚಿಯಲ್ಲಿ. ಆ ಸಂಚಿಗೆ ಕೈ ಹಾಕುವ ಧೈರ್ಯ ಈ ಮನೆಯಲ್ಲಿ ಹುಟ್ಟಿದವರಿಗೂ ಇಲ್ಲ, ಬಂದವರಿಗೂ ಇಲ್ಲ.

ಅಲ್ಲೇ ಕೂತಿದ್ದ ನಿಜಲಿಂಗಪ್ಪನ ಫೋನು ಬಡಿದುಕೊಂಡಿತು. ಬಸ್ ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ನಾಹೀದಳ ಕರೆ.

"ಅಣ್ಣಾರ, ಒತ್ತೀನ್ರಿ. ಅಜ್ಜಿ ಫೋನಿಗೆ ಈಗ ನಂಬರ್ ಬರತೈತಿ. ಹತ್ತ ನಿಮಿಷದಾಗ ಹೇಳ್ರಿ, ಲಗೂ!"

ಸಂಚಿಯೊಳಗಿಂದ ಟಿಣ್ ಎಂಬ ಸದ್ದು ಬಂತು. ವೀರವ್ವ ಎಲೆಗೆ ಸುಣ್ಣ ಹಚ್ಚುತ್ತ ಕೂತಳು.

"ಯವ್ವಾ... ಒಂದೀಟು ನೋಡಬೇ," ಎಂದ ನಿಜಲಿಂಗಪ್ಪ. ಮಾತು ಬಾಯಲ್ಲಿತ್ತು, ಧೈರ್ಯ ಹೊಸ್ತಿಲ ಆಚೆ ಇತ್ತು.

"ಹಾಸು ಮುಗೀಲಿ. ಆಮ್ಯಾಲ ನೋಡೂಣು."

ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾಗರತ್ನಾಳ ಒಳಗೆ ಹತ್ತೊಂಬತ್ತು ವರ್ಷಗಳಿಂದ ಒತ್ತಿಟ್ಟದ್ದು ಎದ್ದು ನಿಂತಿತು. ಇದೇ ಮಾತು! ಇದೇ ಜಾಗ! ಆಗ ಅವಳು ಹೊಸ ಸೊಸೆ, ಹೊಟ್ಟೆಯಲ್ಲಿ ಇದೇ ವಿಜಯಲಕ್ಷ್ಮಿ. ತವರಾದ ಪುರ್ತಗೇರಿಯಿಂದ ಅಪ್ಪನಿಗೆ ಸೀರಿಯಸ್ ಎಂದು ಸುದ್ದಿ ಬಂದಾಗ ಅವಳ ಬೆರಳಿಗೂ ಹೀಗೇ ಬೂದಿ ಮೆತ್ತಿತ್ತು. 'ಹಾಸು ಮುಗೀಲಿ' ಎಂದಿದ್ದಳು ಅತ್ತೆ. ಹಾಸು ಮುಗಿದದ್ದು ಮರುದಿನ ಮಧ್ಯಾಹ್ನ. ಅವಳು ಊರು ಮುಟ್ಟಿದಾಗ ಅಪ್ಪನಿಗೆ ಮಣ್ಣು ಕೊಟ್ಟು ಜನ ತಿರುಗಿ ಬರುತ್ತಿದ್ದರು...

ನಾಗರತ್ನಾ ಸರಸರನೆ ಬಂದು ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಆ ಜಾಗದಲ್ಲಿ ತಾನೇ ಕುಳಿತು ಬೂದಿಗೆ ಬೆರಳು ಅದ್ದಿದಳು.

"ನಿಮಗ ಮಗ್ಗಕ್ಕ ಒಂದ ಜೀವ ಬೇಕಲ್ರಿ ಅತ್ತಿ? ತಗೋರಿ, ನಾ ಕುಂತೀನಿ! ಅವತ್ತ ನಮ್ಮಪ್ಪನ ಮಾರಿ ನೋಡಾಕ ಬಿಡಲಿಲ್ಲ, ನಾ ಒಂದ ಮಾತ ಆಡಲಿಲ್ಲ. ಸಾಯೂತನಾ ಇಲ್ಲೇ ಕುಂದರತೀನ್ರಿ. ನನ್ನ ಮಗಳನ್ನ ಬಿಡ್ರಿ... ಆಕಿನ್ನ ಬಿಟ್ಟಬಿಡ್ರಿ!"

ವೀರವ್ವನ ಕೈಯಲ್ಲಿದ್ದ ಎಲೆ ಬಾಯಿಗೆ ಹೋಗಲಿಲ್ಲ. ಅಳುಬುರುಕಿ ಎಂದು ತಾನು ಊರೆಲ್ಲ ಹೇಳಿಕೊಂಡು ಬಂದ ಸೊಸೆಯ ಕಣ್ಣಲ್ಲಿ ಈಗ ಒಂದು ಹನಿ ನೀರಿರಲಿಲ್ಲ.

"ನಾ ಏನ್ ಮಗ್ಗಕ್ಕ ಅಳತೀನೇನ?" ಮುದುಕಿ ಎಲೆ ಕೆಳಗಿಟ್ಟಳು. "ಈಕಿ ಹೋದ್ರ... ನನ್ನ ಕೂಗಿಗೆ ಓ ಅನ್ನಾವ್ರ ಯಾರದಾರ?"

ಆ ಕೂಗು ಇಡೀ ಓಣಿಗೆ ಗೊತ್ತು. ಚೌಕುಳಿ ಸೀರೆಗೆ ಬಣ್ಣದ ಎಳೆ ಹಾಕುವಾಗ ವೀರವ್ವ ಎಣಿಕೆ ಕೂಗುತ್ತಿದ್ದಳು, ಮೊಮ್ಮಗಳು ಅದೇ ರಾಗದಲ್ಲಿ ಮರುನುಡಿದು ಎಳೆ ಹಾಕುತ್ತಿದ್ದಳು. ಕೂಗಿದ ಎಳೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬುದು ಆ ಮನೆಯ ನೇಮ.

ಗಡಿಯಾರದ ಮುಳ್ಳು ಸರಿಯಿತು. ವೀರವ್ವ ಮಗ್ಗದ ಮುಂದೆ ಕೂತ ಸೊಸೆಯನ್ನೊಮ್ಮೆ ನೋಡಿ, ನಿಧಾನವಾಗಿ ಸಂಚಿ ಬಿಚ್ಚಿದಳು. ಅಕ್ಷರ ಬಾರದಿದ್ದರೂ ಅವಳಿಗೆ ಅಂಕಿ ಬರುತ್ತಿತ್ತು. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒಮ್ಮೆಲೇ ಹಳೆಯ ದನಿಯಲ್ಲಿ ಕೂಗಿದಳು:

"ನಾಕ!"

"ನಾಕ..." ವಿಜಯಲಕ್ಷ್ಮಿ ಅಪ್ಪನ ಫೋನಿಗೆ ಬಾಯಿ ಹಚ್ಚಿ ಅದೇ ರಾಗದಲ್ಲಿ ಮರುನುಡಿದಳು.

"ಏಳ! ಎರಡ! ಎರಡ! ಆರ!"

ಮರುನುಡಿ ಮುಗಿಯಿತು. ಆ ಕಡೆಯಿಂದ ನಾಹೀದಳ ಗಾಬರಿ ಕೇಳಿಸಿತು. "ಐದ ಅದಾವಲ್ಲ ವಿಜಿ! ಆರ ಅಂಕಿ ಬೇಕು. ಮೂರ ನಿಮಿಷ ಉಳದೈತಿ!"

ನಾಗರತ್ನಾ ಅತ್ತೆಯತ್ತ ತಿರುಗಿದಳು. ಒಂದನ್ನು ನುಂಗಿಕೊಂಡಳು ಮುದುಕಿ! ಕೊಟ್ಟ ಹಾಗೆ ಮಾಡಿ ಕೊಡಲಿಲ್ಲ!

"ಇಷ್ಟ ಹಗೀತನ ಯಾಕ್ರಿ ಅತ್ತಿ? ಮೊಮ್ಮಗಳ ಮ್ಯಾಲನೂ?"

"ಶಿವನಾಣಿ, ಇದ್ದದ್ದೆಲ್ಲ ಕೂಗೇನಿ!" ವೀರವ್ವ ಫೋನನ್ನು ಎಲ್ಲರತ್ತ ತಿರುಗಿಸಿದಳು. "ನಡಕ ಒಂದ ಸೊನ್ನಿ ಐತಿ. ಅದನ್ನ ಹ್ಯಾಂಗ ಕೂಗಲಿ? ಐವತ್ತ ವರ್ಷದಾಗ ಇಲ್ಲದ ಎಳಿ ಯಾವತ್ತಾರ ಕೂಗೇನೇನ ನಾನು?"

ವಿಜಯಲಕ್ಷ್ಮಿಗೆ ನಗು ಬಂತು, ಅಳುವೂ ಬಂತು, ಎರಡರಲ್ಲಿ ಯಾವುದೆಂದು ತಿಳಿಯದೆ ಅಜ್ಜಿಯ ಕೊರಳಿಗೆ ಬಿದ್ದಳು.

"ಕೂಗಜ್ಜಿ... ಸೊನ್ನಿನೂ ಕೂಗು! ಅಲ್ಲೆ ಸೊನ್ನಿಗೂ ಕಿಮ್ಮತ್ತ ಐತಿ."

"ನಾಕ! ಏಳ! ಸೊನ್ನಿ! ಎರಡ! ಎರಡ! ಆರ!"

ಸೊನ್ನೆಯನ್ನು ಎಲ್ಲಕ್ಕಿಂತ ಜೋರಾಗಿ ಕೂಗಿದಳು ವೀರವ್ವ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. "ಆತ್ರೀ! ಸೀಟ್ ಪಕ್ಕಾ ಆತ್ರೀ!" ಎಂದು ನಾಹೀದ ಕಿರುಚಿದಾಗ ನಿಜಲಿಂಗಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ನಾಗರತ್ನಾ ಮಾತ್ರ ಮಗ್ಗದ ಮುಂದಿನಿಂದ ಕದಲಲಿಲ್ಲ. ಮಗಳ ಬದಲು ಕೂರುತ್ತೇನೆ ಎಂದಿದ್ದಳು, ಕೂತಿದ್ದಳು. ಸುಮ್ಮನೆ ಎಳೆಗೆ ಎಳೆ ಹೊಸೆಯುತ್ತಿದ್ದಳು. ಅವಳ ಹಿಂದೆ ಹೆಜ್ಜೆ ಸಪ್ಪಳವಾಯಿತು. ಸುಕ್ಕು ಬಿದ್ದ ಕೈಯೊಂದು ಬಂದು ಅವಳ ಬೆರಳುಗಳನ್ನು ಹಿಡಿದು ನಿಲ್ಲಿಸಿತು.

"ಏಳು," ಎಂದಳು ವೀರವ್ವ.

"ಹಾಸು ಇನ್ನಾ ಅರ್ಧ ಐತ್ರಿ ಅತ್ತಿ."

"ಇರಲಿ. ಐದೂವರಿ ಬಸ್ಸಿಗೆ ಪುರ್ತಗೇರಿಗೆ ಹೋಗಿ, ಮೊಮ್ಮಗಳಿಗೆ ಸೀಟ್ ಸಿಕ್ಕತಂತ ನಿಮ್ಮವ್ವಗ ಹೇಳಿ ಬಾ. ನಿಮ್ಮಪ್ಪನ್ನ ಮಣ್ಣ ಮಾಡಿದ ಗದ್ದಗಿಗೂ ಹೋಗು..." ಮುದುಕಿ ಸೊಸೆಯ ಮುಖ ನೋಡಲಾರದೆ ಹಾಸಿನ ಕಡೆ ತಿರುಗಿದಳು. "ಅರ್ಧಕ್ಕ ಎದ್ರ ಏನೂ ಆಗೂದಿಲ್ಲ. ಅವತ್ತೂ ಏನೂ ಆಗತಿರಲಿಲ್ಲ."

ಈವರೆಗೆ ಬಾರದಿದ್ದ ಕಣ್ಣೀರು ಆಗ ಬಂತು. ನಾಗರತ್ನಾ ಸೆರಗಿನಿಂದ ಮುಖ ಒರೆಸಿಕೊಂಡು, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹಾಸನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಕೈ ತೊಳೆಯುವುದಕ್ಕೂ ನಿಲ್ಲಲಿಲ್ಲ. ಬೆರಳ ತುಂಬ ಬೂದಿಯಿಟ್ಟುಕೊಂಡೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.