ಜಾಗಟೆಯ ಕೊನೆಯ ಏಟು

"ಇವತ್ತು ಅಪ್ಪ ಅಮ್ಮನಿಗೋಸ್ಕರ ಕಾಯ್ಲಿಲ್ವಂತೆ," ಎಂದಳು ಮೇದಿನಿ ಫೋನಿನಲ್ಲಿ.

ಸ್ಯಾನ್ ಡಿಯೇಗೋದ ಆಫೀಸಿನ ಮುಂದೆ ಕಾರು ನಿಲ್ಲಿಸುತ್ತಿದ್ದ ಚಿನ್ಮಯನಿಗೆ ಅರ್ಥವಾಗಲಿಲ್ಲ. ಅವಳ ತಂದೆ ಡಾಕ್ಟರ್ ಇಂದುಶೇಖರ ಕೋವಿಡ್ಡಿನ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಅವರನ್ನು ಅವನು ಕಂಡವನೇ ಅಲ್ಲ.

"ಏನೇ ಹೇಳ್ತಿದೀಯ?"

"ನಿನ್ನೆ ಗೇಮಿಗೆ ಅಪ್‌ಡೇಟ್ ಹಾಕಿದ್ಯಲ್ಲ. ಆ ತಡ ತೆಗೆದುಬಿಟ್ಯಾ?"

"ಹೂಂ, ತೆಗೆದೆ. ಸರ್‌ಪ್ರೈಸ್ ಕೊಡೋಣ ಅಂತ. ಸ್ಕೋರ್ ನೋಡಿದ್ಯಾ? ಒಂದೇ ದಿನಕ್ಕೆ ಎಷ್ಟು..."

"ಅದೊಂದನ್ನ ಮುಟ್ಟಬೇಡ ಅಂದಿದ್ದೆ, ಚಿನ್ಮಯ್."

ಫೋನು ಕಟ್ಟಾಯಿತು. ಚಿನ್ನು ಎಂದೇ ಕರೆಯುತ್ತಿದ್ದವಳ ಬಾಯಲ್ಲಿ ತನ್ನ ಪೂರ್ತಿ ಹೆಸರು ಪರರ ಹೆಸರಿನಂತೆ ಕೇಳಿಸಿತು.

ಎರಡು ವರ್ಷದ ಹಿಂದೆ, ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ ಅವರಿಬ್ಬರ ಪರಿಚಯವಾಗಿತ್ತು. ಶಾಲೆಯೊಂದರ ಹಾಲಿನಲ್ಲಿ ಪೂಜೆ. ಯಾರೋ ಮೈಸೂರಿನಿಂದ ತರಿಸಿದ್ದ ಯಂತ್ರವೊಂದಿತ್ತು. ಸ್ವಿಚ್ ಹಾಕಿದರೆ ಗಂಟೆ, ಜಾಗಟೆ, ನಗಾರಿ ಮೂರನ್ನೂ ಮೋಟಾರೇ ಬಾರಿಸುತ್ತಿತ್ತು. ಮಂಗಳಾರತಿ ಮುಗಿದು ಪುರೋಹಿತರು ತಟ್ಟೆ ಕೆಳಗಿಟ್ಟರೂ ಅದು ಬಾರಿಸುತ್ತಲೇ ಇತ್ತು.

"ಇದಕ್ಕೆ ಭಕ್ತಿ ಇಲ್ಲ," ಎಂದಳು ಪಕ್ಕದಲ್ಲಿ ನಿಂತಿದ್ದ ಹುಡುಗಿ.

"ಭಕ್ತಿ ಇದೆ. ಒಂದು ಬೋಲ್ಟ್ ಲೂಸಾಗಿದೆ, ಅಷ್ಟೆ," ಎಂದ ಚಿನ್ಮಯ.

ಅವಳು ಕಣ್ಣನ್ನು ದೇವರ ಮೇಲೆಯೇ ಇಟ್ಟಿದ್ದಳು. ಆದರೆ ತುಟಿಯ ಒಂದು ತುದಿ ಮಾತ್ರ ಅವನ ಕಡೆಗೆ ಸರಿಯಿತು. ಕೈಮುಗಿದ ಬೆರಳುಗಳಿಂದ ನಗುವನ್ನು ಒತ್ತಿಹಿಡಿದು, "ದೇವರ ಮುಂದೆ ನಗಿಸ್ತೀರಲ್ಲ, ಪಾಪ ಬರತ್ತೆ ನಿಮಗೆ," ಎಂದಳು.

"ಅರ್ಧ ನಿಮಗೂ ಬರತ್ತೆ. ನಕ್ಕಿದ್ದು ನೀವು."

ಆ ಅರ್ಧ ಪಾಪದ ಮಾತು ಅವರ ನಡುವೆ ಉಳಿದುಕೊಂಡಿತು. ಅವಳು ತಡವಾಗಿ ಬಂದರೆ, "ನನ್ನ ಪಾಲಿನದನ್ನ ನೀನೇ ಹೊತ್ಕೋ," ಎನ್ನುತ್ತಿದ್ದಳು. ಅವನು ಸ್ಯಾನ್ ಡಿಯೇಗೋದಿಂದ ಅವಳ ಮನೆಯಿರುವ ವುಡ್‌ಲ್ಯಾಂಡ್ ಹಿಲ್ಸ್‌ಗೆ ಮೂರು ಗಂಟೆ ಡ್ರೈವ್ ಮಾಡಿ ಬಂದ ದಿನ, ಬಾಗಿಲಲ್ಲೇ ನಿಂತು, "ಇವತ್ತಿಗೆ ಕಾಲು ಭಾಗ ಕಳೀತು," ಎನ್ನುತ್ತಿದ್ದಳು.

ಮೇದಿನಿ ಆಗಲೇ ಆ ಗೇಮನ್ನು ಕಟ್ಟುತ್ತಿದ್ದಳು. ಹೆಸರು 'ಢಣ್!'. ವುಡ್‌ಲ್ಯಾಂಡ್ ಹಿಲ್ಸ್‌ನ ಒಂದು ಮನೆಯ ಬೆಳಗಿನ ಪೂಜೆಯೇ ಆಟ. ಆಡುವವರು ಜಾಗಟೆ ಬಾರಿಸಬೇಕು. ಅಡುಗೆಮನೆಯಲ್ಲಿ ಕುಕ್ಕರು ತನ್ನ ಲೆಕ್ಕದಲ್ಲಿ ಸೀಟಿ ಹಾಕುತ್ತದೆ. ಪಕ್ಕದ ಮನೆಯವನು ಎಲೆ ಊದುವ ಯಂತ್ರ ಹಿಡಿದು ಗುಂಯ್ ಎನ್ನಿಸುತ್ತಾನೆ. ಗರಾಜಿನ ಬಾಗಿಲು ಏರುತ್ತದೆ, ಇಳಿಯುತ್ತದೆ. ಒಂದು ಬಿಳಿ ನಾಯಿ ಇಷ್ಟಕ್ಕೂ ತಾಳ ಹಿಡಿದು ಕುಣಿಯುತ್ತದೆ. ಇದೆಲ್ಲದರ ನಡುವೆ ಕೈ ತಪ್ಪಬಾರದು.

ಜಾಗಟೆಯ ಸದ್ದು ಇಂದುಶೇಖರರದೇ. ಅವರು ಬದುಕಿದ್ದಾಗ ಮೇದಿನಿ ದೇವರ ಕೋಣೆಯಲ್ಲಿ ಫೋನಿಟ್ಟು ಎಷ್ಟೋ ಬೆಳಗಿನ ಪೂಜೆ ರೆಕಾರ್ಡ್ ಮಾಡಿದ್ದಳು. ಆಮೇಲೆ ಅದನ್ನು ತಾನೇ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಫೈಲುಗಳನ್ನೆಲ್ಲ ಚಿನ್ಮಯನಿಗೆ ಕಳಿಸಿ, "ನೀನೇ ಕ್ಲೀನ್ ಮಾಡು. ಆದ್ರೆ ಕೊನೇ ಏಟಿಗೆ ಮುಂಚೆ ಅಪ್ಪ ಸುಮ್ಮನಾಗ್ತಾರಲ್ಲ, ಆ ತಡ ಹಾಗೇ ಇರಲಿ," ಎಂದಿದ್ದಳು.

"ಯಾಕೆ?"

"ಆಮೇಲೆ ಯಾವತ್ತಾದ್ರೂ ಹೇಳ್ತೀನಿ."

ಆಮೇಲೆ ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ.

ಗೇಮು ಹೊರಬಂತು. ಒಬ್ಬ ವಿಮರ್ಶಕಿ ಹತ್ತಕ್ಕೆ ಒಂಬತ್ತು ಕೊಟ್ಟು, ನಗಿಸಿ ನಗಿಸಿ ಕೊನೆಗೆ ಸುಮ್ಮನೆ ಕೂರಿಸಿತು ಎಂದು ಬರೆದಳು. ಇನ್ನೊಬ್ಬ ನಾಲ್ಕು ಕೊಟ್ಟು, ಮುದ್ದಾದ ಆಟ, ಆದರೆ ತಾಳ ಎಣಿಸಲು ಬರುವುದಿಲ್ಲ ಎಂದ. ಆಡಿದವರಲ್ಲೂ ಅರ್ಧ ಜನ ಆ ತಡದ ಮೇಲೆಯೇ ಹರಿಹಾಯ್ದು ಸ್ಕೋರ್ ಇಳಿಸಿದರು. ಕೊನೆಯ ಏಟಿಗೆ ಮುಂಚೆ ಎಲ್ಲ ಸದ್ದೂ ನಿಂತುಬಿಡುತ್ತದೆ, ಎಷ್ಟು ಹೊತ್ತು ಎಂದು ತಿಳಿಯುವುದಿಲ್ಲ, ಒಂದೊಂದು ಹಂತದಲ್ಲೂ ಹೆಚ್ಚುತ್ತಲೇ ಹೋಗುತ್ತದೆ, ಇದು ಬರೀ ದೋಷ ಎಂದು ದೂರಿದರು. ಮೇದಿನಿ ಒಂದೊಂದನ್ನೂ ಓದಿದಳು. ಊಟ ಬಿಟ್ಟಳು. ಮಾತು ಕಡಿಮೆ ಮಾಡಿದಳು.

ಚಿನ್ಮಯನ ಉದ್ಯೋಗವೇ ತಡವನ್ನು ತೆಗೆಯುವುದು. ಫೋನಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವಾಗ ಕಣ್ಣು ಮಿಟುಕಿಸುವಷ್ಟು ತಡವಾದರೂ ಅವನ ಕಂಪನಿಯಲ್ಲಿ ಮೀಟಿಂಗ್ ಕರೆಯುತ್ತಿದ್ದರು. ಹನ್ನೊಂದು ವರ್ಷ ಅದೇ ಕೆಲಸ ಮಾಡಿದವನಿಗೆ, ಅವಳ ಕಣ್ಣೀರಿಗೆ ಕಾರಣವಾದ ತಡವೊಂದು ಕಣ್ಣೆದುರಿಗಿತ್ತು. ಅವನು ಅದನ್ನು ತೆಗೆದುಹಾಕಿದ. ಪ್ರೀತಿಯಿಂದಲೇ ತೆಗೆದುಹಾಕಿದ.

ಮೂರು ದಿನ ಅವಳು ಫೋನೆತ್ತಲಿಲ್ಲ. ಮೆಸೇಜಿಗೆ ಒಂದೇ ಉತ್ತರ ಬಂತು: 'ಆ ಮೋಟಾರ್ ಜಾಗಟೆಗೂ ನಿನಗೂ ಏನು ವ್ಯತ್ಯಾಸ?'

ನಾಲ್ಕನೆಯ ದಿನ ಅವನು ರಜೆ ಹಾಕಿ ಮೂಲ ಫೈಲುಗಳನ್ನು ತೆರೆದ. ಹಿಂದೆ ಸದ್ದು ಶುದ್ಧ ಮಾಡುವಾಗ, ಜಾಗಟೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನ ಸಾಫ್ಟ್‌ವೇರ್ ಅಳಿಸಿತ್ತು. ಈಗ ಹೆಡ್‌ಫೋನ್ ಹಾಕಿಕೊಂಡು, ಏನನ್ನೂ ಅಳಿಸದೆ ಕೇಳಿದ.

ಜಾಗಟೆ ನಿಂತಿತು. ದೂರದಲ್ಲಿ, ಮರದ ನೆಲದ ಮೇಲೆ, ಟಿಕ್ ಎಂದಿತು. ಮತ್ತೆ ಟಿಕ್. ಕಾಲುಂಗುರದ ಸದ್ದು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದ ಹೆಜ್ಜೆ. ಅಡುಗೆಮನೆಯಿಂದ ಯಾರೋ ಆರತಿತಟ್ಟೆ ಹಿಡಿದು ನಿಧಾನವಾಗಿ ಬರುತ್ತಿದ್ದರು. ಹೆಜ್ಜೆ ಹತ್ತಿರವಾದಂತೆ, ಫೋನಿನ ಪಕ್ಕದಲ್ಲೇ ಒಂದು ಮುದಿ ಗಂಡು ದನಿ, ಯಾರಿಗೂ ಕೇಳಿಸಬಾರದೆಂಬಂತೆ, ಮೆಲ್ಲಗೆ ನುಡಿಯಿತು:

"ನಿಧಾನ ಬಾ, ಉಷಾ. ದೇವರಿಗೇನೂ ಅವಸರ ಇಲ್ಲ."

ಆಮೇಲೆ ಕೊನೆಯ ಏಟು.

ಅವನು ತಾರೀಖಿನ ಪ್ರಕಾರ ಫೈಲುಗಳನ್ನು ಒಂದಾದ ಮೇಲೊಂದು ಕೇಳಿದ. ತಿಂಗಳು ಕಳೆದಂತೆ ಮೇದಿನಿಯ ಅಮ್ಮ ಉಷಾ ಆಂಟಿಯ ಮಂಡಿನೋವು ಹೆಚ್ಚಿತ್ತು. ಹೆಜ್ಜೆ ಹೆಜ್ಜೆಯ ನಡುವಿನ ಹೊತ್ತು ಬೆಳೆದಿತ್ತು. ಅವರಿಗಾಗಿ ಅಂಕಲ್ ಎತ್ತಿ ಹಿಡಿದಿದ್ದ ಕೈ ಅಷ್ಟೂ ಹೊತ್ತು ಎತ್ತಿಯೇ ಇತ್ತು. ಜನ ದೋಷವೆಂದದ್ದು ಇದನ್ನು. ಚಿನ್ಮಯ ಹೆಡ್‌ಫೋನ್ ತೆಗೆದು ಮುಖ ಮುಚ್ಚಿಕೊಂಡ.

ಶನಿವಾರ ಬೆಳಿಗ್ಗೆ ವುಡ್‌ಲ್ಯಾಂಡ್ ಹಿಲ್ಸ್‌ನ ಮನೆಯ ಬಾಗಿಲು ತೆರೆದವರು ಉಷಾ. ಸ್ನಾನ ಮುಗಿಸಿ ಕುಂಕುಮದ ಜಾಗದಲ್ಲಿ ಸಣ್ಣದೊಂದು ಕಪ್ಪು ಬೊಟ್ಟಿಟ್ಟಿದ್ದರು. ಕೈಯಲ್ಲಿ ಊರುಗೋಲು.

"ಬಾಪ್ಪ. ಟ್ರಾಫಿಕ್ ಇತ್ತಾ? ಇವಳು ನಿನ್ನ ಮೇಲೆ ಬಾಂಡ್ಲಿಯ ಹಾಗೆ ಕಾದು ಕೂತಿದ್ದಾಳೆ, ಹುಷಾರು."

"ಆಂಟಿ, ತಪ್ಪಾಯ್ತು ನಂದು."

"ಅದನ್ನ ಅವಳಿಗೆ ಹೇಳು. ನಾನು ಪ್ರತಿದಿನ ದೀಪ ಹಚ್ಚೋ ಮುಂಚೆ ಒಂದಾಟ ಆಡ್ತಿದ್ದೆ. ಗೆಲ್ಲೋಕಲ್ಲ. ಅವರು ಸುಮ್ಮನಾಗೋ ಹೊತ್ತಿಗೆ ನಾನು ಇಲ್ಲೇ ಕೂತು ಮನಸ್ಸಲ್ಲೇ ನಡ್ಕೊಂಡು ಹೋಗ್ತಿದ್ದೆ. ಆವತ್ತು ನಾನು ಹೊರಡೋಕೆ ಮುಂಚೆನೇ ಬಾರಿಸಿಬಿಟ್ರು."

ಮೇದಿನಿ ಅಡುಗೆಮನೆಯ ಬಾಗಿಲಿಗೊರಗಿ ನಿಂತಿದ್ದಳು. ಕಣ್ಣು ಅವನನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿತ್ತು.

ಚಿನ್ಮಯ ಲ್ಯಾಪ್‌ಟಾಪ್ ತೆರೆದು, "ಹಳೇ ತಡ ವಾಪಸ್ ಹಾಕಿದೀನಿ. ಇನ್ನೊಂದು ಇದೆ. ಅದು ಗೇಮಲ್ಲಿ ಇಲ್ಲ, ನಿಮ್ಮಿಬ್ಬರಿಗೆ ಮಾತ್ರ," ಎಂದು ಮೂಲ ಫೈಲನ್ನು ಹಾಕಿದ.

ಟಿಕ್. ಟಿಕ್. ಉಷಾ ತಮ್ಮ ಕಾಲನ್ನು ನೋಡಿಕೊಂಡರು. ಈಗ ಅಲ್ಲಿ ಕಾಲುಂಗುರವಿರಲಿಲ್ಲ. ಆ ದನಿ ಬಂದಾಗ ಅವರು ಅಳಲಿಲ್ಲ. ಗೋಡೆಯ ಮೇಲಿನ ಪಟದ ಕಡೆ ತಿರುಗಿ, "ಎದುರಿಗಿದ್ದಾಗ ಬೇಗ ಬಾರೇ ಅಂತ ಗೊಣಗ್ತಿದ್ರಿ. ಹಿಂದಿನಿಂದ ಹೀಗಾ?" ಎಂದರು. ಸೆರಗು ಬಾಯಿಗೊತ್ತಿಕೊಂಡರು.

ಮೇದಿನಿ ಎರಡು ಹೆಜ್ಜೆ ಮುಂದೆ ಬಂದಿದ್ದಳು. "ಈ ಮಾತು ಅದರಲ್ಲಿತ್ತಾ?"

"ಇತ್ತು. ನಾನೇ ಗಲೀಜು ಅಂತ ಅಳಿಸಿದ್ದೆ."

"ನಾನೂ ಕೇಳಿರಲಿಲ್ಲ," ಎಂದಳು ಅವಳು. ಲ್ಯಾಪ್‌ಟಾಪ್ ಮುಚ್ಚಿ, "ಸ್ಕೋರ್ ಮತ್ತೆ ಬೀಳತ್ತೆ," ಎಂದಳು.

"ಬೀಳಲಿ. ನಂಗೆ ಸ್ಕೋರ್ ಬೇಕಿದ್ದಿದ್ದು ನೀನು ನಗಲಿ ಅಂತ. ನೀನು ನಗದೇ ಇದ್ರೂ ಪಕ್ಕದಲ್ಲಿ ಕೂತಿರಬಹುದಿತ್ತು. ಅದು ಹೊಳೀಲೇ ಇಲ್ಲ. ಜೀವನ ಪೂರ್ತಿ ಕೂರ್ತೀನಿ ಮೇದಿನಿ, ನೀನು ಒಪ್ಪಿದ್ರೆ."

"ನಂಗೆ ಇನ್ನೂ ಕೋಪ ಇದೆ."

"ಇರಲಿ."

ಉಷಾ ಊರುಗೋಲೂರಿ ಮುಂದೆ ನಡೆದರು. ದೇವರ ಕೋಣೆಯ ಮೊಳೆಯಲ್ಲಿ ಜಾಗಟೆ ತೂಗುತ್ತಿತ್ತು. ಇಂದುಶೇಖರರು ಹೋದಂದಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಉಷಾ ಅದನ್ನು ಇಳಿಸಿ ಸೆರಗಿನಿಂದ ಒರೆಸಿ ಚಿನ್ಮಯನ ಕೈಗಿತ್ತರು. "ಬಾರಿಸು. ಮೇದಿನಿ, ನೀನು ಆರತಿ ತಗೊಂಡು ಬಾ. ನನ್ನ ಕೈಲಿ ಆಗಲ್ಲ."

ಅವನು ಬಾರಿಸಿದ. ತಾಳ ಅಲ್ಲಲ್ಲಿ ತಪ್ಪಿತು. ಕೊನೆಯ ಏಟು ಬಂದಾಗ ಕೈಯೆತ್ತಿ ನಿಂತ.

ಮೇದಿನಿ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕಾಣಿಸಿದಳು. ಅಲ್ಲಿಯೇ ನಿಂತಳು. ಬತ್ತಿಯ ಬೆಳಕಿನ ಮೇಲಿನಿಂದ ಅವನನ್ನೇ ನೋಡುತ್ತ, ಒಂದಿಂಚೂ ಕದಲದೆ ನಿಂತಳು. ಅವನ ತೋಳು ನೋಯತೊಡಗಿತು. ಹೊರಗೆ ಯಾರದೋ ಗರಾಜಿನ ಬಾಗಿಲು ಏರಿತು, ಇಳಿಯಿತು. ಅವನು ಕೈ ಇಳಿಸಲಿಲ್ಲ.

"ಸಾಕು ಬಾರೇ, ದೀಪ ಆರಿಹೋಗತ್ತೆ," ಎಂದರು ಉಷಾ.

"ದೇವರಿಗೇನೂ ಅವಸರ ಇಲ್ಲಮ್ಮ," ಎಂದಳು ಮೇದಿನಿ. ತುಟಿಯ ಒಂದು ತುದಿ ಅವನ ಕಡೆಗೆ ಸರಿಯಿತು. ಕಣ್ಣು ತುಂಬಿತ್ತು.

ಆಮೇಲೆ ಅವಳು ನಿಧಾನವಾಗಿ, ಬಹಳ ನಿಧಾನವಾಗಿ, ನಡೆದು ಬಂದಳು. ಅವಳು ಪಕ್ಕಕ್ಕೆ ಬಂದು ನಿಂತ ಮೇಲೆಯೇ ಅವನು ಜಾಗಟೆ ಬಾರಿಸಿದ.